ಬೆಟ್ಟವೇ ಇಲ್ಲದ ದೇಶದವರು ಇಟಲಿಯ ಬೆಟ್ಟ ಬರೆದದ್ದೇಕೆ?

ಊರುಬಿಟ್ಟವನು:
ಎಲ್ಲರಿಗೂ ನಮಸ್ಕಾರ. ನಾನು ಆರು ವರ್ಷದಿಂದ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿದ್ದೇನೆ. ಚಿತ್ರಕಲೆ ಓದಿದವನಲ್ಲ, ನೋಡುವ ಹುಚ್ಚು ಮಾತ್ರ ಇದೆ.

ಹೋದ ವಾರ ಮಗಳ ಜೊತೆ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂಗೆ ಹೋಗಿದ್ದೆ. ಯಾನ್ ಬೋತ್ ಅನ್ನುವವನ ಒಂದು ದೊಡ್ಡ ಚಿತ್ರದ ಮುಂದೆ ಅವಳು ನಿಂತುಬಿಟ್ಟಳು. ಎತ್ತರದ ಮರಗಳು, ದೂರದಲ್ಲಿ ಬೆಟ್ಟ, ಇಡೀ ಚಿತ್ರಕ್ಕೆ ಜೇನುತುಪ್ಪದ ಬಣ್ಣದ ಬಿಸಿಲು. "ಅಪ್ಪಾ, ಇದು ಈ ದೇಶ ಅಲ್ಲ. ಇಲ್ಲಿ ಬೆಟ್ಟ ಎಲ್ಲಿದೆ?" ಅಂದಳು. ಏಳು ವರ್ಷದ ಹುಡುಗಿಗೆ ಗೊತ್ತಾಗಿದ್ದು ನನಗೆ ಹೊಳೆದಿರಲಿಲ್ಲ. ಪಕ್ಕದ ಫಲಕ ನೋಡಿದರೆ ಅದು ಇಟಲಿಯ ದೃಶ್ಯ. ಬರೆದವನು ಮಾತ್ರ ನಮ್ಮ ಉಟ್ರೆಕ್ಟ್‌ನವನೇ.

ನನ್ನ ಪ್ರಶ್ನೆ ಇಷ್ಟು. ಗಾಳಿಗಿರಣಿ, ಕಾಲುವೆ, ಹಸು, ಇಷ್ಟೊಂದು ಆಕಾಶ, ಎಲ್ಲ ಕಣ್ಣೆದುರಿಗೆ ಇದ್ದಾಗ ಈ ಜನ ಅಷ್ಟು ದೂರ ಹೋಗಿ ಬೇರೆಯವರ ಬಿಸಿಲು ಯಾಕೆ ತಂದರು? ಗೊತ್ತಿರುವವರು ಹೇಳಿ.

ಕುಂಚಪ್ರಿಯೆ:
ಒಳ್ಳೆಯ ಪ್ರಶ್ನೆ. ನಿಮ್ಮ ಮಗಳಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ.

ಇದು ಒಬ್ಬಿಬ್ಬರ ಕಥೆ ಅಲ್ಲ. ಉಟ್ರೆಕ್ಟ್‌ನಲ್ಲಿ ಕೆಲಸ ಮಾಡಿದ ಯಾನ್ ಫಾನ್ ಸ್ಕೋರೆಲ್ 1520ರ ಸುಮಾರಿಗೇ ಜೆರುಸಲೇಮ್ ನೋಡಿಕೊಂಡು ರೋಮ್‌ಗೆ ಬಂದ. ಆಗ ಪೋಪ್ ಆದ ಆರನೇ ಏಡ್ರಿಯನ್ ಉಟ್ರೆಕ್ಟ್‌ನವರೇ. ತಮ್ಮ ನಾಡಿನ ಹುಡುಗ ಅಂತ ವ್ಯಾಟಿಕನ್ನಿನ ಬೆಲ್ವೆಡೇರ್ ಕಲಾಸಂಗ್ರಹದ ಉಸ್ತುವಾರಿಯನ್ನೇ ಅವನ ಕೈಗೆ ಕೊಟ್ಟರು. ಆಮೇಲೆ ಮಾರ್ಟೆನ್ ಫಾನ್ ಹೇಮ್ಸ್‌ಕೆರ್ಕ್ 1532ರಲ್ಲಿ ರೋಮ್‌ಗೆ ಹೋಗಿ, ಪಾಳುಬಿದ್ದ ಕಟ್ಟಡಗಳನ್ನೆಲ್ಲ ಪುಸ್ತಕದಲ್ಲಿ ಸ್ಕೆಚ್ ಮಾಡಿಕೊಂಡ. ಸೇಂಟ್ ಪೀಟರ್ಸ್ ಚರ್ಚ್ ಇನ್ನೂ ಅರ್ಧ ಕಟ್ಟಿದ್ದಾಗ ಹೇಗಿತ್ತು ಅಂತ ಇವತ್ತು ತಿಳಿಯುವುದು ಅವನ ಸ್ಕೆಚ್‌ಗಳಿಂದ. ವಾಪಸ್ ಬಂದು ಎಷ್ಟೋ ವರ್ಷದ ಮೇಲೆ, 1553ರಲ್ಲಿ, ತನ್ನದೇ ಮುಖ ಬರೆದುಕೊಂಡಾಗ ಹಿಂದೆ ಕೊಲೋಸಿಯಂ ಇಟ್ಟ. ರೋಮ್ ಅವನ ತಲೆಯಿಂದ ಇಳಿದಿರಲೇ ಇಲ್ಲ.

ನಿಮ್ಮ ಯಾನ್ ಬೋತ್ ಬರುವುದು ಇವರಿಗಿಂತ ನೂರು ವರ್ಷ ಈಚೆಗೆ.

ಬಯಲುಸೀಮೆ:
ಅಷ್ಟು ದೊಡ್ಡ ಕಾರಣ ಏನೂ ಬೇಡ. ಮಾರುಕಟ್ಟೆ. ದುಡ್ಡಿದ್ದ ವ್ಯಾಪಾರಿಗಳಿಗೆ ಮನೆಯಲ್ಲಿ "ಇಟಲಿ" ಬೇಕಿತ್ತು, ಇವರು ಬರೆದು ಕೊಟ್ಟರು. ತಮ್ಮ ನೆಲವನ್ನೇ ಬರೆದ ಯಾನ್ ಫಾನ್ ಗೋಯೆನ್ ಸಾಲದಲ್ಲೇ ಸತ್ತ. ಮಂಜು, ಕಂದು ನೀರು, ತಗ್ಗು ದಂಡೆ, ಸಣ್ಣ ದೋಣಿ. ನನಗೆ ಅವನೇ ನಿಜವಾದ ಡಚ್ ಕಲಾವಿದ. ಉಳಿದವರದು ಅನುಕರಣೆ.

ಪುಸ್ತಕದಹುಳ:
ಬಯಲುಸೀಮೆ ಅವರೇ, ಫಾನ್ ಗೋಯೆನ್ ಸಾಲಕ್ಕೆ ಇಟಲಿಯನ್ನು ದೂರಬೇಡಿ. ಅವನು ಟುಲಿಪ್ ಗೆಡ್ಡೆಯ ಸಟ್ಟಾ ವ್ಯಾಪಾರದಲ್ಲಿ ಕೈ ಸುಟ್ಟುಕೊಂಡವನು.

ಬಯಲುಸೀಮೆ:
ಅದೂ ಸರಿ. ಒಪ್ಪಿದೆ. ಆದರೂ ಅನುಕರಣೆ ಅನುಕರಣೆಯೇ.

ಸಂಜೆಮಲ್ಲಿಗೆ:
ರೋಮ್‌ನಲ್ಲಿ ಇವರು ಎಲ್ಲಿ ಇರುತ್ತಿದ್ದರು? ಭಾಷೆ ಬರುತ್ತಿತ್ತಾ? ನನಗೆ ಆ ವಿಷಯ ಕೇಳುವ ಆಸೆ.

ಕುಂಚಪ್ರಿಯೆ:
ಬಹಳ ಜನ ಇದ್ದದ್ದು ಪಿಯಾಝಾ ದೆಲ್ ಪೋಪೊಲೊ ಹತ್ತಿರ, ವಿಯಾ ಮಾರ್ಗುತ್ತಾ ಬೀದಿಯ ಸುತ್ತಮುತ್ತ. ಹೊಸಬ ಬಂದರೆ ಮೊದಲು ಅಲ್ಲೇ ಹುಡುಕಿಕೊಂಡು ಹೋಗುತ್ತಿದ್ದ.

1620ರ ಸುಮಾರಿಗೆ ಡಚ್ ಮತ್ತು ಫ್ಲೆಮಿಶ್ ಕಲಾವಿದರು ಸೇರಿ ಒಂದು ಸಂಘ ಮಾಡಿಕೊಂಡರು. ಹೆಸರು ಬೆಂಟ್‌ವ್ಯೂಗೆಲ್ಸ್. ಒಂದೇ ಹಿಂಡಿನ ಹಕ್ಕಿಗಳು ಅಂತ ಅರ್ಥ. ಸೇರುವವನಿಗೆ ತಲೆ ಮೇಲೆ ವೈನ್ ಸುರಿದು ನಾಮಕರಣ ಮಾಡುತ್ತಿದ್ದರು. ಆ ರಾತ್ರಿಯ ಊಟದ ಖರ್ಚು ಹೊಸಬನದೇ. ಬೆಳಗಿನ ಜಾವ ಎಲ್ಲರೂ ಸಾಂತಾ ಕೋಸ್ತಾಂಝಾ ಅನ್ನುವ ಹಳೆಯ ಚರ್ಚಿಗೆ ಮೆರವಣಿಗೆ ಹೋಗುತ್ತಿದ್ದರು. ಅಲ್ಲಿನ ಚಾವಣಿಯಲ್ಲಿ ದ್ರಾಕ್ಷಿ ಕೊಯ್ಲಿನ ಮೊಸಾಯಿಕ್ ಇದೆ. ಹಾಗಾಗಿ ಅಲ್ಲಿದ್ದ ಕಲ್ಲಿನ ಶವಪೆಟ್ಟಿಗೆಯನ್ನು ಇವರು ವೈನ್ ದೇವರು ಬ್ಯಾಕಸ್‌ನ ಸಮಾಧಿ ಅನ್ನುತ್ತಿದ್ದರು. ಗೋಡೆ ಮೇಲೆ ಕೆತ್ತಿದ ಅವರ ಹೆಸರುಗಳು ಈಗಲೂ ಕಾಣುತ್ತವೆ. ಕೊನೆಗೆ 1720ರಲ್ಲಿ ಪೋಪ್ ಹನ್ನೊಂದನೇ ಕ್ಲೆಮೆಂಟ್ ಸಂಘವನ್ನೇ ನಿಷೇಧಿಸಿದರು.

ಸಂಜೆಮಲ್ಲಿಗೆ:
ನಾಮಕರಣ ಅಂದರೆ ಹೊಸ ಹೆಸರು ಇಡುತ್ತಿದ್ದರಾ?

ಪುಸ್ತಕದಹುಳ:
ಹೌದು, ನಮ್ಮ ಹಳ್ಳಿಗಳಲ್ಲಿ ಇಡುತ್ತಾರಲ್ಲ, ಅಡ್ಡಹೆಸರು, ಹಾಗೆಯೇ. ಯಾನ್ ಆಸೆಲೈನ್‌ನ ಒಂದು ಕೈ ಸೊಟ್ಟಗಿತ್ತು, ಅವನಿಗೆ "ಏಡಿಮರಿ" ಅಂತ ಇಟ್ಟರು. ಹೆರ್ಮನ್ ಫಾನ್ ಸ್ವಾನೆವೆಲ್ಟ್ ಒಬ್ಬನೇ ಪಾಳು ಕಟ್ಟಡಗಳ ನಡುವೆ ಕೂತು ಬರೆಯುತ್ತಿದ್ದ, ಅವನು "ಸನ್ಯಾಸಿ". ಓಟೊ ಮಾರ್ಸೇಯಸ್ ಹಾವು, ಕಪ್ಪೆ, ಹುಳ ಹುಡುಕಿಕೊಂಡು ಪೊದೆಯೊಳಗೆ ಮೂಗು ತೂರಿಸುತ್ತಿದ್ದ, ಅವನು "ಮೂಸುವವನು". ಕಾಡಿನ ನೆಲದ ಮೇಲಿನ ಲೋಕವನ್ನೇ ಚಿತ್ರ ಮಾಡಿದವನು ಅವನು. ನೋಡಿ, ಮೈ ಝುಂ ಅನ್ನುತ್ತದೆ.

ಇಟಲಿಯವರು ಇಟ್ಟ ಹೆಸರುಗಳೂ ಇವೆ. ಪೀಟರ್ ಫಾನ್ ಲಾರ್ ಕಾಲು ಉದ್ದ, ಎದೆ ಗಿಡ್ಡ. ಅವನಿಗೆ "ಬಾಂಬೊಚ್ಚೊ" ಅಂದರು, ಅಂದರೆ ಬೊಂಬೆ. ಅವನ ಹಾದಿಯಲ್ಲಿ ಬರೆದವರಿಗೆಲ್ಲ ಆಮೇಲೆ ಆ ಹೆಸರೇ ಅಂಟಿತು, ಬಾಂಬೊಚ್ಚಾಂತಿ ಅಂತ.

ಡ್ರಾಯಿಂಗ್ ಮೇಷ್ಟ್ರು:
ಚರ್ಚೆ ಚೆನ್ನಾಗಿದೆ. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದವನು. ಬಯಲುಸೀಮೆ ಅವರು "ಅನುಕರಣೆ" ಅಂದದ್ದಕ್ಕೆ ಉತ್ತರ ಕೊಡಬೇಕು ಅನ್ನಿಸಿತು.

ಚಿತ್ರವನ್ನು ಬೆಟ್ಟದಿಂದ ನೋಡಬೇಡಿ, ಬೆಳಕಿನಿಂದ ನೋಡಿ. ಫಾನ್ ಗೋಯೆನ್ ಕಾಲದ ಚಿತ್ರಗಳಲ್ಲಿ ಬೆಳಕು ಮೋಡದಿಂದ ಸೋಸಿ ಬರುತ್ತದೆ. ಎಲ್ಲ ಕಡೆ ಸಮ. ಅದಕ್ಕೇ ಕಂದು ಮತ್ತು ಬೂದು ಬಣ್ಣದಲ್ಲೇ ಮುಗಿಸುತ್ತಾನೆ. ಬೋತ್ ಸೂರ್ಯನನ್ನು ಕೆಳಗೆ ಇಳಿಸಿದ. ಬೆಳಕು ಓರೆಯಾಗಿ, ಕೆಲವು ಸಲ ಎದುರಿನಿಂದಲೇ ಬರುತ್ತದೆ. ಎಲೆಯ ಅಂಚು ಹೊಳೆಯುತ್ತದೆ, ಎಲೆಯ ಹೊಟ್ಟೆ ಕಪ್ಪಗಿರುತ್ತದೆ. ದನದ ಬೆನ್ನ ಮೇಲೆ ಒಂದು ಗೆರೆ ಬಿಸಿಲು. ಹತ್ತಿರದ ಮರ ಗಾಢ, ದೂರದ ಬೆಟ್ಟ ಗಾಳಿಯಲ್ಲಿ ಕರಗಿದ ಹಾಗೆ. ಈ ಎರಡರ ನಡುವಿನ ಗಾಳಿಗೂ ಒಂದು ಬಣ್ಣ ಇದೆ ಅಂತ ತೋರಿಸಿದವರಲ್ಲಿ ಇವರು ಮುಖ್ಯರು.

ಇದನ್ನು ಬೇರೆಯವರ ಚಿತ್ರ ನೋಡಿ ನಕಲು ಮಾಡಿ ಕಲಿಯುವುದು ಕಷ್ಟ. ಬಯಲಲ್ಲಿ ಕೂತು ಸಾವಿರ ಸಲ ನೋಡಬೇಕು. ಇವರು ರೋಮ್ ಸುತ್ತಲಿನ ಬಯಲಿಗೆ, ತಿವೊಲಿಯ ಜಲಪಾತದ ಕಡೆಗೆ ಹೋಗಿ ಪೆನ್ನು ಮತ್ತು ತಿಳಿ ಕಂದು ಬಣ್ಣದ ನೀರಿನಲ್ಲಿ ಸ್ಕೆಚ್ ಮಾಡುತ್ತಿದ್ದರು. ಎಣ್ಣೆ ಬಣ್ಣದ ಕೆಲಸ ಆಮೇಲೆ, ಒಳಗೆ ಕೂತು. ಊರುಬಿಟ್ಟವನು ಅವರೇ, ನೀವು ನೋಡಿದ ಚಿತ್ರದಲ್ಲೇ ಒಬ್ಬ ಕಲಾವಿದ ಕೂತು ಸ್ಕೆಚ್ ಮಾಡುತ್ತಿರಬೇಕು. ಹುಡುಕಿ ನೋಡಿ.

ಊರುಬಿಟ್ಟವನು:
ಮೇಷ್ಟ್ರೇ, ಇದ್ದಾನೆ! ಮೊಬೈಲ್‌ನಲ್ಲಿ ತೆಗೆದ ಫೋಟೋ ದೊಡ್ಡದು ಮಾಡಿ ನೋಡಿದೆ. ಅಲ್ಲಿ ಹತ್ತು ನಿಮಿಷ ನಿಂತಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ.

ಬಯಲುಸೀಮೆ:
ಮೇಷ್ಟ್ರೇ, ನಿಮ್ಮ ಮಾತಿಗೆ ಗೌರವ ಇದೆ. ಆದರೆ ಒಂದು ಕೇಳುತ್ತೇನೆ. ಬಯಲಲ್ಲಿ ಕೂತು ನೋಡಲೇಬೇಕು ಅಂದಿರಿ. ಹಾಗಾದರೆ ಆಲ್ಬರ್ಟ್ ಕೌಪ್? ಆ ಹೊನ್ನಿನ ಬಿಸಿಲು ಅಂದರೆ ಎಲ್ಲರೂ ಮೊದಲು ಹೇಳುವುದು ಅವನ ಹೆಸರು. ಅವನು ಇಟಲಿಗೆ ಹೋಗಲೇ ಇಲ್ಲ. ಹುಟ್ಟಿದ್ದು ಡೊರ್ಡ್ರೆಕ್ಟ್, 1691ರಲ್ಲಿ ಸತ್ತದ್ದೂ ಡೊರ್ಡ್ರೆಕ್ಟ್.

ಸಂಜೆಮಲ್ಲಿಗೆ:
ಓಹ್, ಇದು ಸರಿಯಾದ ಪೆಟ್ಟು. ಮೇಷ್ಟ್ರು ಏನು ಹೇಳುತ್ತಾರೆ?

ಕುಂಚಪ್ರಿಯೆ:
ಮೇಷ್ಟ್ರಿಗಿಂತ ಮೊದಲು ನಾನು ಹೇಳುತ್ತೇನೆ. ಕೌಪ್ ಶುರುವಿನಲ್ಲಿ ಫಾನ್ ಗೋಯೆನ್ ಹಾಗೆಯೇ ಬರೆಯುತ್ತಿದ್ದ. ಮಂಕು ಹಳದಿ, ಕಂದು. 1640ರ ದಶಕದ ಮಧ್ಯದಲ್ಲಿ ಇದ್ದಕ್ಕಿದ್ದ ಹಾಗೆ ಬದಲಾದ. ಯಾನ್ ಬೋತ್ ಇಟಲಿಯಿಂದ ಉಟ್ರೆಕ್ಟ್‌ಗೆ ವಾಪಸ್ ಬಂದು ಬರೆಯುತ್ತಿದ್ದದ್ದೂ ಅದೇ ಕಾಲ. ಡೊರ್ಡ್ರೆಕ್ಟ್‌ನಿಂದ ಉಟ್ರೆಕ್ಟ್ ದೂರ ಏನಲ್ಲ. ಬೋತ್ ತಂದ ಬಿಸಿಲನ್ನು ಕೌಪ್ ತನ್ನ ಊರಿನ ಹೊಳೆ ಮೇಲೆ, ತನ್ನ ಊರಿನ ಹಸುಗಳ ಮೇಲೆ ಹಾಕಿದ. ಅಂದರೆ ಯಾರೋ ಒಬ್ಬ ಹೋಗಿಬರಲೇಬೇಕಿತ್ತು.

ಬಯಲುಸೀಮೆ:
ಅಂದರೆ ನಕಲಿನಿಂದಲೂ ಕಲಿಯಬಹುದು ಅಂತಾಯಿತು. ಮೇಷ್ಟ್ರು ಸೋತರು.

ಹೊಳೆದಂಡೆ:
ಸ್ವಲ್ಪ ತಡೆಯಿರಿ. ನಾನು ಡೊರ್ಡ್ರೆಕ್ಟ್ ಹತ್ತಿರವೇ ಇರುವವಳು. ಕೆಲಸ ರಾಟರ್‌ಡ್ಯಾಮ್‌ನಲ್ಲಿ, ವಾಪಸ್ ಬರುವುದು ಎಷ್ಟೋ ದಿನ ವಾಟರ್‌ಬಸ್‌ನಲ್ಲಿ. ಸೆಪ್ಟೆಂಬರ್ ಸಂಜೆ, ಮಳೆ ನಿಂತು ಪಶ್ಚಿಮದ ಕಡೆ ಮೋಡ ಬಿರಿದರೆ, ಇಡೀ ಹೊಳೆ ಹಿತ್ತಾಳೆ ತಟ್ಟೆ ಹಾಗೆ ಆಗುತ್ತದೆ. ಊರಿನ ದೊಡ್ಡ ಚರ್ಚಿನ ಮೊಂಡು ಗೋಪುರ ಅದರ ಮುಂದೆ ಕಪ್ಪಗೆ ಕಾಣುತ್ತದೆ. ಕೌಪ್ ಬರೆದದ್ದು ಸುಳ್ಳಲ್ಲ. ಆ ಬೆಳಕು ಇಲ್ಲಿದೆ. ವರ್ಷಕ್ಕೆ ಕೆಲವೇ ದಿನ, ಅದೂ ಹತ್ತು ಹದಿನೈದು ನಿಮಿಷ.

ನಾನು ಇಲ್ಲಿಗೆ ಬಂದ ಮೊದಲ ಮೂರು ವರ್ಷ ಇದನ್ನು ಗಮನಿಸಿರಲಿಲ್ಲ. ಕೌಪ್ ಚಿತ್ರ ನೋಡಿದ ಮೇಲೆ ಕಾಣತೊಡಗಿತು. ಅವನಿಗೂ ಬೋತ್ ಚಿತ್ರ ನೋಡಿದ ಮೇಲೆ ಕಂಡಿರಬೇಕು.

ಡ್ರಾಯಿಂಗ್ ಮೇಷ್ಟ್ರು:
ಹೊಳೆದಂಡೆ ತಾಯಿ, ನನಗಿಂತ ಚೆನ್ನಾಗಿ ಹೇಳಿದಿರಿ. ಸೋತೆ ಅಂತ ಒಪ್ಪುತ್ತೇನೆ, ಆದರೆ ಬಯಲುಸೀಮೆ ಅವರಿಗಲ್ಲ, ನಿಮಗೆ.

ಪುಸ್ತಕದಹುಳ:
ಹೋಗದವರ ಪಟ್ಟಿಯಲ್ಲಿ ಇನ್ನೂ ದೊಡ್ಡ ಹೆಸರು ಇದೆ. ರೆಂಬ್ರಾಂಟ್. ಅವನ ಗುರು ಪೀಟರ್ ಲಾಸ್ಟ್‌ಮನ್ ಇಟಲಿಗೆ ಹೋಗಿ ಬಂದವನು. 1630ರ ಸುಮಾರಿಗೆ ಕಾನ್‌ಸ್ಟಂಟೈನ್ ಹೈಗೆನ್ಸ್ ಎಂಬ ದೊಡ್ಡ ಅಧಿಕಾರಿ, ರೆಂಬ್ರಾಂಟ್ ಮತ್ತು ಅವನ ಗೆಳೆಯ ಲೀವನ್ಸ್ ಇಬ್ಬರಿಗೂ ಬುದ್ಧಿ ಹೇಳಿದ. ಇಟಲಿಗೆ ಹೋಗಿ ರಾಫೇಲ್, ಮೈಕೆಲಾಂಜೆಲೊ ನೋಡಿ ಬನ್ನಿ ಅಂತ. ಇಬ್ಬರೂ ಒಪ್ಪಲಿಲ್ಲ. ಸಮಯ ಇಲ್ಲ, ಅಲ್ಲದೆ ಇಟಲಿಯ ಒಳ್ಳೆಯ ಚಿತ್ರಗಳು ಹಾಲೆಂಡಿನಲ್ಲೇ ನೋಡಲು ಸಿಗುತ್ತವೆ ಅಂದರು. ಅದು ಬರೀ ನೆಪ ಅಲ್ಲ. ಕಾಸ್ತಿಲ್ಯೋನೆ ಎಂಬವನನ್ನು ರಾಫೇಲ್ ಬರೆದ ಚಿತ್ರ 1639ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲೇ ಹರಾಜಾಯಿತು, 3,500 ಗಿಲ್ಡರ್‌ಗೆ. ರೆಂಬ್ರಾಂಟ್ ಅಲ್ಲೇ ಅದರ ಸ್ಕೆಚ್ ಮಾಡಿ ಬೆಲೆಯನ್ನೂ ಪಕ್ಕದಲ್ಲಿ ಬರೆದುಕೊಂಡ. ಮುಂದಿನ ವರ್ಷ ತನ್ನನ್ನೇ ಬರೆದುಕೊಂಡ ಚಿತ್ರದಲ್ಲಿ ಅವನ ಭಂಗಿ ನೋಡಿ, ರಾಫೇಲ್ ಅಲ್ಲೇ ಕೂತಿದ್ದಾನೆ.

ಸಂಜೆಮಲ್ಲಿಗೆ:
ನಿಕೊಲಾಸ್ ಬೆರ್ಖೆಮ್ ಚಿತ್ರಗಳು ನನಗೆ ಬಹಳ ಇಷ್ಟ. ದನ ಕಾಯುವ ಹೆಂಗಸರು, ಹೊಳೆ ದಾಟುವ ಕುರಿಗಳು. ಅವನು ಇಟಲಿಯಲ್ಲಿ ಎಷ್ಟು ವರ್ಷ ಇದ್ದ?

ಕುಂಚಪ್ರಿಯೆ:
ಅವನು ಹೋಗಿದ್ದನೋ ಇಲ್ಲವೋ ಅನ್ನುವುದೇ ವಿದ್ವಾಂಸರ ನಡುವಿನ ಹಳೇ ಜಗಳ. ಜೀವನಪೂರ್ತಿ ಇಟಲಿ ಬರೆದ. ಅಪ್ಪ ಪೀಟರ್ ಕ್ಲಾಸ್ ಮಾತ್ರ ಊಟದ ಮೇಜಿನಾಚೆ ಹೋಗಲಿಲ್ಲ. ಬ್ರೆಡ್ಡು, ಮೀನು, ಗಾಜಿನ ಲೋಟ, ಇಷ್ಟರಲ್ಲೇ ದೊಡ್ಡ ಕಲಾವಿದನಾದ.

ಬಯಲುಸೀಮೆ:
ನಾನು ಹೇಳಿದ್ದೂ ಇದೇ ಅಲ್ವಾ? ಎದುರಿಗಿದ್ದ ಬ್ರೆಡ್ಡು ಸಾಕಿತ್ತು. ಇಂಗ್ಲೆಂಡಿನ ಕಲಾವಿದ ಜಾನ್ ಕಾನ್‌ಸ್ಟೆಬಲ್ 1836ರ ಉಪನ್ಯಾಸದಲ್ಲಿ ಬೆರ್ಖೆಮ್ ಮತ್ತು ಬೋತ್ ಇಬ್ಬರನ್ನೂ ಚೆನ್ನಾಗಿ ತರಾಟೆಗೆ ತೆಗೆದುಕೊಂಡ. ಇತ್ತ ಡಚ್ಚೂ ಅಲ್ಲ, ಅತ್ತ ಇಟಲಿಯೂ ಅಲ್ಲ ಅನ್ನುವುದು ಅವನ ದೂರು. ಕೇಳಿದವನೊಬ್ಬ "ಹಾಗಾದರೆ ನನ್ನ ಹತ್ತಿರ ಇರುವ ಬೆರ್ಖೆಮ್ ಚಿತ್ರಗಳನ್ನು ಮಾರಿಬಿಡಲಾ" ಅಂದನಂತೆ. ಮಾರಬೇಡಿ, ಸುಟ್ಟುಹಾಕಿ ಅಂದ ಕಾನ್‌ಸ್ಟೆಬಲ್.

ಕುಂಚಪ್ರಿಯೆ:
ಆ ಮಾತಿನಿಂದಲೇ ಇವರಿಗೆ ನೂರು ವರ್ಷಕ್ಕೂ ಮಿಕ್ಕಿ ಅನ್ಯಾಯವಾಯಿತು ಅನ್ನುವುದು ನನ್ನ ಸಿಟ್ಟು. ಹದಿನೆಂಟನೇ ಶತಮಾನದಲ್ಲಿ ಶ್ರೀಮಂತರು ಮುಗಿಬಿದ್ದು ಕೊಂಡ ಚಿತ್ರಗಳು ಇವು. ಹತ್ತೊಂಬತ್ತನೇ ಶತಮಾನದಲ್ಲಿ "ನಮ್ಮ ದೇಶ, ನಮ್ಮ ನೆಲ" ಅನ್ನುವ ಗಾಳಿ ಬೀಸಿತು. ತಮ್ಮ ನೆಲವನ್ನು ಬರೆದ ರಾಯ್ಸ್‌ಡಾಲ್, ಹೊಬ್ಬೆಮಾ ಅಂಥವರು ಮಾತ್ರ ಅಸಲಿ ಅಂದರು. ಉಳಿದವರು ಗೋದಾಮು ಸೇರಿದರು. 1965ರಲ್ಲಿ ಉಟ್ರೆಕ್ಟ್‌ನ ಸೆಂಟ್ರಾಲ್ ಮ್ಯೂಸಿಯಂನಲ್ಲಿ ಕಲಾ ಇತಿಹಾಸಕಾರ ಆಲ್ಬರ್ಟ್ ಬ್ಲಾಂಕರ್ಟ್ ಇವರ ಚಿತ್ರಗಳ ಪ್ರದರ್ಶನ ಮಾಡಿದ ಮೇಲೆಯೇ ಜನ ಮತ್ತೆ ನೋಡತೊಡಗಿದ್ದು. 2002ರಲ್ಲಿ ಲಂಡನ್ನಿನ ಡಲ್ವಿಚ್ ಗ್ಯಾಲರಿಯಲ್ಲೂ ಆಯಿತು.

ಇನ್ನೊಂದು ಮಾತು. "ಅನುಕರಣೆ" ಅನ್ನುವಾಗ ಪೀಟರ್ ಫಾನ್ ಲಾರ್‌ನನ್ನು ಮರೆಯುತ್ತೀರಿ. ಅವನು ರೋಮ್‌ನಲ್ಲಿ ದೇವತೆಗಳನ್ನು ಬರೆಯಲಿಲ್ಲ. ಸುಣ್ಣದ ಗೂಡಿನ ಕೂಲಿಗಳು, ಕುದುರೆಗೆ ಲಾಳ ಹೊಡೆಯುವವನು, ಬೀದಿಯಲ್ಲಿ ತಿಂಡಿ ಮಾರುವವನು. ಇಟಲಿಯ ಕಲಾವಿದರಿಗೇ ಇದು ಸರಿಬರಲಿಲ್ಲ. ಸಾಲ್ವತೋರ್ ರೋಸಾ ಪದ್ಯದಲ್ಲೇ ಬೈದ. ಆದರೆ ಕೊಳ್ಳುವವರು ಕೊಂಡರು. ತಮ್ಮ ಬೀದಿಯ ಬಡವರು ಚಿತ್ರಕ್ಕೆ ತಕ್ಕವರು ಅಂತ ರೋಮ್‌ಗೆ ಹೇಳಿದವನು ಹಾರ್ಲೆಮ್‌ನ ಒಬ್ಬ ಪರದೇಶಿ. ಇದು ಯಾರ ಅನುಕರಣೆ ಹೇಳಿ?

ಬಯಲುಸೀಮೆ:
ಫಾನ್ ಲಾರ್ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಆ ಚಿತ್ರಗಳನ್ನು ನಾನು ಸರಿಯಾಗಿ ನೋಡಿಲ್ಲ.

ಹೊಳೆದಂಡೆ:
ಗಾಸ್ಪರ್ ಫಾನ್ ವಿಟೆಲ್ ಹೆಸರೂ ಸೇರಿಸಿ. ಅಮೆರ್ಸ್‌ಫೋರ್ಟ್‌ನವನು. ರೋಮ್‌ಗೆ ಹೋದವನು ಅಲ್ಲೇ ನೆಲೆಯಾದ, 1736ರಲ್ಲಿ ಅಲ್ಲೇ ತೀರಿಕೊಂಡ. ಕನ್ನಡಕ ಹಾಕುತ್ತಿದ್ದದ್ದರಿಂದ ಅಲ್ಲಿಯವರು "ಕನ್ನಡಕದ ಗಾಸ್ಪರೆ" ಅನ್ನುತ್ತಿದ್ದರು. ಬೀದಿ, ಚೌಕ, ಹೊಳೆ ದಂಡೆಯನ್ನು ಇದ್ದದ್ದು ಇದ್ದ ಹಾಗೆ ಬರೆಯುವ ಪದ್ಧತಿಗೆ ಇಟಲಿಯಲ್ಲಿ ಗಟ್ಟಿ ಬುನಾದಿ ಹಾಕಿದ. ವೆನಿಸ್‌ನ ಕಲಾವಿದ ಕನಲೆಟ್ಟೊ ಬಂದದ್ದು ಅದೇ ದಾರಿಯಲ್ಲಿ. ಫಾನ್ ವಿಟೆಲ್‌ನ ಮಗ ಲುಯಿಜಿ ವಾನ್‌ವಿತೆಲ್ಲಿ ಕಸೆರ್ತಾದ ಅರಮನೆ ಕಟ್ಟಿಸಿದ ವಾಸ್ತುಶಿಲ್ಪಿ. ಹೆಸರಿನಲ್ಲೇ ನೋಡಿ, ವಿಟೆಲ್ ಹೋಗಿ ವಾನ್‌ವಿತೆಲ್ಲಿ ಆಯಿತು.

ಗೋಳಗುಮ್ಮಟ:
ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ಹೇಳಲೇಬೇಕು. ಹಾರ್ಲೆಮ್ ಹೆಸರು ಬಂತಲ್ಲ, ಅದೇ ಊರಿನ ಒಬ್ಬ ಕಲಾವಿದ ನಮ್ಮ ಬಿಜಾಪುರಕ್ಕೆ ಬಂದಿದ್ದ! ಹೆಸರು ಕೊರ್ನೆಲಿಸ್ ಕ್ಲಾಸ್ ಹೇಡಾ. ಪ್ರಾಗ್‌ನಲ್ಲಿ ಚಕ್ರವರ್ತಿ ಎರಡನೇ ರುಡಾಲ್ಫ್ ಹತ್ತಿರ ಇದ್ದವನು. ಪರ್ಷಿಯಾದ ಷಾ ಆಸ್ಥಾನಕ್ಕೆ ಅಂತ ಹೊರಟವನು ಕೊನೆಗೆ 1610ರ ಸುಮಾರಿಗೆ ಎರಡನೇ ಇಬ್ರಾಹಿಂ ಆದಿಲ್‌ಷಾ ಆಸ್ಥಾನ ಸೇರಿದ. ನಮ್ಮ ಕಡೆ ಜಗದ್ಗುರು ಬಾದಶಹ ಅನ್ನುತ್ತಾರಲ್ಲ, ಅದೇ ದೊರೆ. ಹೇಡಾ ಸಾಯುವವರೆಗೂ ಬಿಜಾಪುರದಲ್ಲೇ ಇದ್ದ. ಅಲ್ಲಿಂದ ಡಚ್ ಕಂಪನಿಯವರಿಗೆ ಪತ್ರ ಬರೆಯುತ್ತಿದ್ದ.

ಅವನ ಜೊತೆಯವರೆಲ್ಲ ರೋಮ್ ಕಡೆ ಮುಖ ಮಾಡಿದ್ದಾಗ ಇವನು ಬಿಜಾಪುರಕ್ಕೆ ಬಂದ. ನಮ್ಮ ಊರಿನ ಮಕ್ಕಳಿಗೆ ಇದನ್ನು ಯಾರೂ ಹೇಳುವುದಿಲ್ಲ ಅನ್ನುವುದು ನನ್ನ ನೋವು.

ಊರುಬಿಟ್ಟವನು:
ಗೋಳಗುಮ್ಮಟ ಅವರೇ, ಇದನ್ನು ಕೇಳಿ ಮೈ ಜುಮ್ ಅಂದಿತು. ನನಗೆ ಗೊತ್ತೇ ಇರಲಿಲ್ಲ.

ಸಂಜೆಮಲ್ಲಿಗೆ:
ಬಿಜಾಪುರದ ಸಂಜೆ ಬಿಸಿಲು ರೋಮ್‌ನದಕ್ಕಿಂತ ಏನು ಕಮ್ಮಿ!

ಪುಸ್ತಕದಹುಳ:
ಆಚೆ ಹೋದದ್ದು ಹೋಗಿಯೇ ಆಯಿತು, ನಾನೂ ಒಂದು ಸೇರಿಸುತ್ತೇನೆ. ವಿಲಂ ಸ್ಕೆಲಿಂಕ್ಸ್ ಎಂಬ ಆಮ್‌ಸ್ಟರ್‌ಡ್ಯಾಮ್ ಕಲಾವಿದ 1661ರಿಂದ 1665ರವರೆಗೆ ಇಂಗ್ಲೆಂಡ್, ಫ್ರಾನ್ಸ್, ಇಟಲಿ, ಸಿಸಿಲಿ, ಮಾಲ್ಟಾ ಎಲ್ಲ ಸುತ್ತಿದ. ಹೋದಲ್ಲೆಲ್ಲ ಸ್ಕೆಚ್ ಮಾಡಿದ. ಭಾರತಕ್ಕೆ ಬರಲೇ ಇಲ್ಲ, ಆದರೂ ಷಹಜಹಾನ್ ಮತ್ತು ಅವನ ಮಕ್ಕಳ ಚಿತ್ರ ಬರೆದ, ಮೊಘಲ್ ಕಿರುಚಿತ್ರಗಳನ್ನು ನೋಡಿಕೊಂಡು. ರೆಂಬ್ರಾಂಟ್ ಕೂಡ ಮೊಘಲ್ ಚಿತ್ರಗಳನ್ನು ನೋಡಿ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರ ಮಾಡಿದ್ದಾನೆ. ಇಟಲಿಗೆ ಹೋಗಲ್ಲ ಅಂದವನ ಮನೆಗೆ ಆಗ್ರಾ ಬಂದಿತ್ತು.

ಕುಂಚಪ್ರಿಯೆ:
ಚೆನ್ನಾಗಿದೆ. ಆದರೆ ಊರುಬಿಟ್ಟವನು ಅವರ ಮೂಲ ಪ್ರಶ್ನೆಗೆ ಬರೋಣ. ಯಾನ್ ಬೋತ್ ಬಗ್ಗೆ ಒಂದು ಮುಖ್ಯ ವಿಷಯ ಯಾರೂ ಹೇಳಲಿಲ್ಲ.

ಯಾನ್ ಒಬ್ಬನೇ ರೋಮ್‌ಗೆ ಹೋದದ್ದಲ್ಲ. ಅಣ್ಣ ಆಂದ್ರೀಸ್ ಕೂಡ ಅಲ್ಲಿದ್ದ. ಅವನೂ ಕಲಾವಿದ, ಬೀದಿಯ ಜನರನ್ನು ಬರೆಯುತ್ತಿದ್ದ. ಆಗ ಸ್ಪೇನಿನ ದೊರೆಯ ಬುಯೆನ್ ರೆತಿರೊ ಅರಮನೆಗೆ ರೋಮ್‌ನಿಂದ ನಿಸರ್ಗ ಚಿತ್ರಗಳು ಹೋಗುತ್ತಿದ್ದವು. ಕ್ಲೋಡ್ ಲೊರೇನ್, ಪೂಸೆನ್ ಅಂಥ ದೊಡ್ಡ ಕಲಾವಿದರ ಸಾಲಿನಲ್ಲಿ ಯಾನ್‌ಗೂ ಕೆಲಸ ಸಿಕ್ಕಿತ್ತು. ಆ ಚಿತ್ರಗಳು ಈಗ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿವೆ. ಅಷ್ಟು ಒಳ್ಳೆಯ ಕಾಲ. ಊರಿಗೆ ವಾಪಸ್ ಬರುವ ದಾರಿಯಲ್ಲಿ, 1642ರಲ್ಲಿ ವೆನಿಸ್‌ನಲ್ಲಿ ಒಂದು ರಾತ್ರಿ ಊಟ ಮುಗಿಸಿ ಬರುವಾಗ ಆಂದ್ರೀಸ್ ಕಾಲುವೆಗೆ ಬಿದ್ದು ಮುಳುಗಿ ಸತ್ತ. ಯಾನ್ ಒಬ್ಬನೇ ಉಟ್ರೆಕ್ಟ್‌ಗೆ ಬಂದ. ಹತ್ತು ವರ್ಷ ಬದುಕಿದ. 1652ರಲ್ಲಿ ತೀರಿಕೊಂಡ.

ನಾವು ಇವತ್ತು ನೋಡುವ ಅವನ ಇಟಲಿ ಚಿತ್ರಗಳಲ್ಲಿ ಬಹುಪಾಲು ಆ ಹತ್ತು ವರ್ಷದಲ್ಲಿ, ಉಟ್ರೆಕ್ಟ್‌ನಲ್ಲಿ ಕೂತು ಬರೆದವು.

ಊರುಬಿಟ್ಟವನು:
ನಾನು ಇದನ್ನು ಬಸ್‌ನಲ್ಲಿ ಓದಿದೆ. ಇಳಿಯುವ ಸ್ಟಾಪ್ ದಾಟಿ ಹೋಗಿತ್ತು.

ಇಲ್ಲಿನ ನವೆಂಬರ್ ನೋಡಿದವರಿಗೆ ಗೊತ್ತು. ನಾಲ್ಕೂವರೆಗೆ ಕತ್ತಲು. ವಾರಗಟ್ಟಲೆ ಸೂರ್ಯ ಇಲ್ಲ. ಅಂಥ ಕೋಣೆಯಲ್ಲಿ ಕೂತು ಅಣ್ಣನ ಜೊತೆ ನಡೆದ ದಾರಿಯ ಬಿಸಿಲನ್ನು ಬರೆದವನನ್ನು ನಾನು ಇನ್ನು ಯಾವತ್ತೂ ಅನುಕರಣೆ ಅನ್ನಲಾರೆ.

ಬಯಲುಸೀಮೆ:
ನಾನೂ ಆ ಪದ ವಾಪಸ್ ತೆಗೆದುಕೊಳ್ಳುತ್ತೇನೆ, ಬೋತ್ ಒಬ್ಬನ ಮಟ್ಟಿಗೆ. ಬೆರ್ಖೆಮ್ ಬಗ್ಗೆ ಜಗಳ ಮುಂದುವರಿಯಲಿ.

ಡ್ರಾಯಿಂಗ್ ಮೇಷ್ಟ್ರು:
ಊರುಬಿಟ್ಟವನು ಅವರೇ, ಚಿತ್ರ ಬರೆದು ಅಭ್ಯಾಸ ಇಲ್ಲದಿದ್ದರೂ ಪರವಾಗಿಲ್ಲ. ಒಂದು ಕೆಲಸ ಮಾಡಿ. ಮಗಳ ವಾಟರ್ ಕಲರ್ ಡಬ್ಬಿ ತೆಗೆದುಕೊಳ್ಳಿ. ಫೋಟೋ ನೋಡದೆ, ನಿಮ್ಮ ಊರಿನ ಒಂದು ಜಾಗ ನೆನಪಿನಿಂದ ಬರೆಯಿರಿ. ನನ್ನ ವಿದ್ಯಾರ್ಥಿಗಳಿಗೆಲ್ಲ ಮಾಡಿಸುತ್ತಿದ್ದೆ.

ಸಂಜೆಮಲ್ಲಿಗೆ:
ನಾನೂ ಮಾಡುತ್ತೇನೆ!

ಹೊಳೆದಂಡೆ:
ಅದಕ್ಕೆ ಮೊದಲು ಮಗಳಿಗೆ ಆಸೆಲೈನ್‌ನ ಹಂಸದ ಚಿತ್ರ ತೋರಿಸಿ. ರೈಕ್ಸ್ ಮ್ಯೂಸಿಯಂನಲ್ಲೇ ಇದೆ. ಗೂಡು ಕಾಯುವ ಹಂಸ ರೆಕ್ಕೆ ಬಿಚ್ಚಿ ನಾಯಿ ಮೇಲೆ ಎಗರುತ್ತಿದೆ. "ಏಡಿಮರಿ" ಆ ಸೊಟ್ಟ ಕೈ ಇಟ್ಟುಕೊಂಡು ಬರೆದದ್ದು ಅಂತ ಹೇಳಿ. ಮ್ಯೂಸಿಯಂ ವೆಬ್‌ಸೈಟ್‌ನಲ್ಲಿ ದೊಡ್ಡ ಚಿತ್ರ ಉಚಿತವಾಗಿ ಇಳಿಸಿಕೊಳ್ಳಬಹುದು. ಒಂದೊಂದು ಗರಿಯೂ ಕಾಣುತ್ತದೆ.

ಊರುಬಿಟ್ಟವನು:
ಭಾನುವಾರ ಕೂತು ಬರೆದೆ. ನಮ್ಮ ಊರು ಸಾಗರದ ಕಡೆ. ಮನೆ ಹಿಂದಿನ ಗುಡ್ಡ, ಅಡಿಕೆ ತೋಟ, ಕೆರೆಗೆ ಇಳಿಯುವ ದಾರಿ. ಮುಗಿಸಿ ನೋಡಿದರೆ ಗುಡ್ಡದ ಮೇಲೆಲ್ಲ ಹಳದಿ ಬಿಸಿಲು. ಆ ಗುಡ್ಡ ನಾನು ಜಾಸ್ತಿ ನೋಡಿದ್ದು ಮಳೆಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಸರಿಯಾಗಿ ಕಾಣುವುದೂ ಇಲ್ಲ. ಬಿಸಿಲು ಎಲ್ಲಿಂದ ಬಂತೋ ಗೊತ್ತಿಲ್ಲ. ಮಗಳು ನೋಡಿ, "ಅಜ್ಜಿ ಮನೆ" ಅಂದಳು.

ಡ್ರಾಯಿಂಗ್ ಮೇಷ್ಟ್ರು:
ಫೋಟೋ ಹಾಕಿ. ನೆರಳು ಯಾವ ಕಡೆ ಬಿದ್ದಿದೆ ನೋಡೋಣ.